ಮೂಡಣ ದಂಡೆಯ ಮಣ್ಣು

ನನ್ನ ತಾಯಿ ನೆಲನೆಲ್ಲಿಯಾದಳು. ಅವಳನ್ನು ಮಣ್ಣಿಗೆ ಕೊಟ್ಟ ನಲವತ್ತೊಂದನೆಯ ದಿನ ಗುಡ್ಡೆಯ ಮೇಲೆ ಬೆರಳುದ್ದದ ಗಿಡವೊಂದು ಎಲೆ ಬಿಚ್ಚಿತ್ತು. ಈಗಲೂ ಊರಿನಲ್ಲಿ ಯಾರಿಗಾದರೂ ಕಾಮಾಲೆಯಾದರೆ ನಮ್ಮ ಬಾಗಿಲಿಗೆ ಬರುತ್ತಾರೆ. "ಮೌನಪ್ಪಣ್ಣಾ, ನಿಮ್ಮವ್ವನ್ನ ನಾಕು ಕಡ್ಡಿ ಕೇಳಾಕ ಬಂದೀವಿ," ಎನ್ನುತ್ತಾರೆ. ನಾನು ಜೊತೆಗೆ ಹೋಗಿ, ಕೈಮುಗಿದು, ಬೇರು ಉಳಿಯುವಂತೆ ಚಿವುಟಿ ಕೊಡುತ್ತೇನೆ. ಬದುಕಿದ್ದಾಗಲೂ ಅವಳು ಹಾಗೆಯೇ, ಕೇಳಿದವರಿಗೆ ಇಲ್ಲ ಅಂದವಳಲ್ಲ. ಬೇಸಿಗೆಗೆ ಒಣಗುತ್ತಾಳೆ, ಮಳೆ ಬಿದ್ದರೆ ಮತ್ತೆ ಬರುತ್ತಾಳೆ.

ನಮ್ಮ ಊರಿನಲ್ಲಿ ಸತ್ತವರ ತಲೆಯ ಬಳಿ ಕಲ್ಲು ನೆಡುವ ಪದ್ಧತಿಯಿಲ್ಲ. ಗುಡ್ಡೆಯ ಮೇಲೆ ತಾನಾಗಿ ಯಾವ ಗಿಡ ಮೊದಲು ಬರುತ್ತದೋ ಅಂದಿನಿಂದ ಅವರು ಆ ಗಿಡ. ಕನ್ನಡ ಶಾಲೆಯ ದೊಡ್ಡ ಮಾಸ್ತರರು ಎಕ್ಕೆಯಾದರು. ಗಾಣದ ಚೆನ್ನವ್ವ ತುಂಬೆಯಾದಳು. ಅರಿವೆ ಅಂಗಡಿಯ ಸಾವಕಾರರ ಮಕ್ಕಳು ಅಪ್ಪನ ಗುಡ್ಡೆಯಲ್ಲಿ ಯಾರೂ ಕಾಣದಂತೆ ಮಲ್ಲಿಗೆಯ ಬಳ್ಳಿ ಊರಿ ಬಂದರು. ಮಲ್ಲಿಗೆ ಒಣಗಿ ಹೋಗಿ ತುರಿಚಿ ಗಿಡ ಬಂತು. ಎಡೆ ಇಡಲು ಹೋದ ಮಕ್ಕಳು ವರ್ಷ ವರ್ಷವೂ ಮೈ ಕೆರೆದುಕೊಳ್ಳುತ್ತ ಮನೆಗೆ ಬರುತ್ತಾರೆ. ನಮ್ಮ ಓಣಿಯ ಈರಮ್ಮನ ಅತ್ತೆ ಉತ್ತರಾಣಿ. ಆ ದಾರಿಯಲ್ಲಿ ಹಾದು ಬಂದಾಗಲೆಲ್ಲ ಈರಮ್ಮ ಸೀರೆಗೆ ಹತ್ತಿದ ಮುಳ್ಳುಕಾಳು ಬಿಡಿಸುತ್ತ, "ನೋಡ್ರಿ, ಸತ್ತು ಹನ್ನೆರಡು ವರ್ಷಾತು, ಇನ್ನೂ ನನ್ನ ಸೆರಗು ಬಿಟ್ಟಿಲ್ಲ ಮುದುಕಿ," ಎಂದು ಬೈಯುತ್ತಾಳೆ. ಬೈದು ಮುಗಿದ ಮೇಲೆ ಆ ಕಾಳುಗಳನ್ನೆಲ್ಲ ಅಂಗೈಯಲ್ಲಿ ಹಿಡಿದು ಹೋಗಿ ಅದೇ ಗುಡ್ಡೆಗೆ ಹಾಕಿ ಬರುತ್ತಾಳೆ.

ಇದನ್ನೆಲ್ಲ ನೋಡಿಕೊಳ್ಳುವವಳು ದ್ಯಾಮವ್ವ. ಅವಳ ತಾಯಿಯೂ ಅಜ್ಜಿಯೂ ಇದೇ ಕೆಲಸದವರು. ಗುಡ್ಡೆಯ ಮೇಲೆ ಗಿಡ ಕಂಡರೆ ಆ ಮನೆಯ ಮುಂದೆ ನಿಂತು, "ನಿಮ್ಮವರು ಇಂಥಾದ್ದು ಆಗ್ಯಾರ ನೋಡ್ರೆವ್ವಾ," ಎಂದು ಕೂಗುತ್ತಾಳೆ. ಅವಳು ಕೂಗುವ ತನಕ ಆ ಮನೆಗೆ ಸೂತಕ: ಬಾಗಿಲಲ್ಲಿ ದೀಪವಿಲ್ಲ, ಹಬ್ಬವಿಲ್ಲ, ಗುಡಿಯ ಮೆಟ್ಟಿಲು ಹತ್ತುವಂತಿಲ್ಲ. ಬಹಳ ಮಂದಿಗೆ ಎರಡು ಮೂರು ತಿಂಗಳಲ್ಲಿ ಗಿಡ ಬಂದುಬಿಡುತ್ತದೆ. ಒಂದು ವರ್ಷ ತುಂಬಿದರೂ ಬರದೆ ಹೋದರೆ ಅದು ಬರಿಮಣ್ಣು. ವರ್ಷ ತುಂಬಿದ ಬೆಳಿಗ್ಗೆ ದ್ಯಾಮವ್ವ ಸನಿಕೆ ತಂದು ಗುಡ್ಡೆಯನ್ನು ಸಮ ಮಾಡುತ್ತಾಳೆ. ಅಂದಿನಿಂದ ಊರಿನಲ್ಲಿ ಯಾರೂ ಆ ಮನುಷ್ಯನ ಹೆಸರನ್ನು ಬಾಯಲ್ಲಿ ತರಬಾರದು, ಎಲ್ಲಿಯೂ ಬರೆಯಬಾರದು, ಬರೆದದ್ದಿದ್ದರೆ ಅಳಿಸಬೇಕು. ಯಾಕೆ ಎಂದು ನಮ್ಮ ಹಿರಿಯರು ಕೇಳಲಿಲ್ಲ, ನಾವೂ ಕೇಳಿಲ್ಲ. ನನ್ನ ಅರವತ್ತೆಂಟು ವರ್ಷದಲ್ಲಿ ಹಾಗೆ ಬರಿಮಣ್ಣಾದವರು ಇಬ್ಬರೇ ಇಬ್ಬರು. ಅವರು ಯಾರೆಂದು ನನಗೆ ಗೊತ್ತು, ಹೇಳಲಾರೆ.

ನಾನು ಜಾತಿಯಿಂದ ಬಡಿಗ, ಕಾಳಮ್ಮನ ಒಕ್ಕಲು. ಹೊಟ್ಟೆಪಾಡಿಗೆ ಮಾಡಿದ್ದು ಮಾತ್ರ ಬಾಗಿಲು ಕಿಟಕಿಯ ಕೆಲಸವಲ್ಲ. ನಮ್ಮ ಊರಿನ ದಿನಪತ್ರಿಕೆ 'ನಾಲ್ದೆಸೆ'ಯಲ್ಲಿ ಚಿತ್ರದ ಹಲಗೆ ಕೆತ್ತುತ್ತಿದ್ದೆ. ನನ್ನ ಗೆಳೆಯ ಅದೇ ಪತ್ರಿಕೆಯ ವ್ಯಂಗ್ಯಚಿತ್ರಗಾರ. ಊರಿಗೆಲ್ಲ ಅವನು ಚಿತ್ರದಣ್ಣ. ಸಣಕಲು ದೇಹ, ಯಾವಾಗಲೂ ಬಲಗಿವಿಯ ಮೇಲೊಂದು ಸೀಸದಕಡ್ಡಿ, ಅಂಗಿಯ ಜೇಬಿನಲ್ಲಿ ನವಣೆ. ನವಣೆ ಯಾಕೆಂದರೆ ದಾರಿಯಲ್ಲಿ ಸಿಕ್ಕ ಹಕ್ಕಿಗಳಿಗೆ.

ಅವನ ಚಿತ್ರಗಳಲ್ಲಿ ದೊಡ್ಡ ಮನುಷ್ಯರೆಲ್ಲ ಪ್ರಾಣಿಗಳಾಗಿ ಬರುತ್ತಿದ್ದರು. ಒಮ್ಮೆ ಪುರಸಭೆಯ ಅಧ್ಯಕ್ಷರನ್ನು ಎಮ್ಮೆಯಾಗಿ ಬರೆದ. ಅಧ್ಯಕ್ಷರು ಸಿಟ್ಟಾಗುತ್ತಾರೆಂದು ನಾವು ಕಾದರೆ, ಅವರು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. "ಎಮ್ಮಿ ಹಾಲು ಕೊಡ್ತೈತ್ರಿ. ಚಿತ್ರದಣ್ಣ ನನ್ನ ಬಗ್ಗೆ ಛಲೋನ ಬರದಾನ," ಎಂದು ಬಂದವರಿಗೆಲ್ಲ ತೋರಿಸಿದರು. ಅವತ್ತು ಸಂಜೆ ನನ್ನ ಗೆಳೆಯ ಹಿಂಡಿಯ ಗಂಟು ಹೊತ್ತು ನನ್ನನ್ನೂ ಕರೆದುಕೊಂಡು ಗೌಳಿಗರ ಕೊಟ್ಟಿಗೆಗೆ ಹೋದ. ಒಂದೊಂದು ಎಮ್ಮೆಯ ಮುಂದೆಯೂ ನಿಂತು ಹಿಂಡಿ ತಿನ್ನಿಸಿ, "ತಪ್ಪಾತವ್ವಾ, ನಿಮ್ಮನ್ನ ಅಂಥಾವ್ರ ಜೋಡಿ ಸೇರಿಸಿದೆ," ಎಂದ. ಅಂದಿನಿಂದ ಪ್ರಾಣಿಗಳ ಮುಖ ಬರೆಯುವುದನ್ನೇ ಬಿಟ್ಟ. ಮನುಷ್ಯರಿಗೆ ಮನುಷ್ಯರ ಮುಖವನ್ನೇ ಬರೆಯತೊಡಗಿದ. ಆಗ ನೋಡಿ, ಪತ್ರಿಕೆಯ ಮೇಲೆ ನಿಜವಾದ ಸಿಟ್ಟು ಶುರುವಾಯಿತು.

ಇನ್ನೊಮ್ಮೆ ಅಚ್ಚುಮೊಳೆ ಜೋಡಿಸುವ ಪೆಟ್ಟಿಗೆಯಲ್ಲಿ, ಳ ಅಕ್ಷರದ ಗೂಡಿನಲ್ಲಿ, ಗುಬ್ಬಿ ಮೊಟ್ಟೆ ಇಟ್ಟಿತು. ಮೊಳೆ ಜೋಡಿಸುವವರು ಕೈ ಹಾಕಲು ಹೋದರೆ ಇವನು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಸಂಪಾದಕ ವೆಂಕೋಬರಾಯರು ಬಂದು ಕೂಗಾಡಿದರು. "ಅಲ್ಲೋ ಮಾರಾಯಾ, ಳ ಇಲ್ದ ಪತ್ರಿಕೆ ಹೊರಡಸಾಕ ಆಗ್ತದೇನು?" "ಆಗ್ತೈತ್ರಿ ರಾಯರ. ಗುಬ್ಬಿಗೆ ಬ್ಯಾರೆ ಮನಿ ಇಲ್ಲ, ನಮಗ ಬ್ಯಾರೆ ಅಕ್ಷರ ಅದಾವ." ಇಪ್ಪತ್ತೆರಡು ದಿನ 'ನಾಲ್ದೆಸೆ'ಯಲ್ಲಿ ಮಳೆಯೆಲ್ಲ ಮಲೆಯಾಗಿ, ಹಳ್ಳವೆಲ್ಲ ಹಲ್ಲವಾಗಿ ಅಚ್ಚಾಯಿತು. ಓದುಗರು ಎರಡು ದಿನ ನಕ್ಕರು, ಮೂರನೆಯ ದಿನದಿಂದ ಸರಿಪಡಿಸಿಕೊಂಡು ಓದಿದರು. ಮರಿಗಳು ಹಾರಿದ ದಿನ ಅಂಚೆಯಲ್ಲಿ ಹನ್ನೊಂದು ಕಾಗದ ಬಂದವು, ಗುಬ್ಬಿ ಕ್ಷೇಮವೇ ಎಂದು ಕೇಳಿ.

ಊರಿನ ಕೆರೆಯೇ ಅವನ ಗುಡಿ. ಏರಿಯ ಮೇಲೆ ನೀರಿನ ಕಡೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಪಡುವಣ ದಂಡೆ, ಬಲಕ್ಕೆ ಮೂಡಣ ದಂಡೆ. ಎರಡು ಕಡೆಯೂ ಒಂದೊಂದು ಹೊಂಗೆಯ ಮರ, ಒಂದೊಂದು ಬಂಡೆ. ಮರ ಬಂಡೆಯಷ್ಟನ್ನೇ ನೋಡಿದರೆ ಬೇರೆ ಊರಿನವರಿಗೆ ಯಾವುದು ಯಾವುದೆಂದು ತಿಳಿಯದಷ್ಟು ಹೋಲಿಕೆ. ಪಡುವಣ ದಂಡೆ ಬರೀ ಕಲ್ಲು, ನಡುವೆ ಮಡಿಲಷ್ಟು ಮಣ್ಣು. ಅಲ್ಲಿಗೆ ಮೇಯಲು ಏನೂ ಬರುವುದಿಲ್ಲ. ಮೂಡಣ ದಂಡೆಯಲ್ಲಿ ಹುಲ್ಲಿನ ಇಳಿಜಾರು. ಬೆಳಿಗ್ಗೆ ಅಲ್ಲಿಗೆ ಹಕ್ಕಿಗಳು, ಮೊಲಗಳು, ಒಂದೊಂದು ಸಲ ಜಿಂಕೆಗಳು ಇಳಿಯುತ್ತವೆ. ಆ ಇಳಿಜಾರನ್ನು ಕಡಿದು ಬಸ್ ನಿಲ್ದಾಣ ಮಾಡಬೇಕೆಂದು ಪುರಸಭೆ ಹೊರಟಾಗ ಇವನು ಇಪ್ಪತ್ತು ದಿನ ಒಂದೇ ಚಿತ್ರ ಬರೆದ: ಹುಲ್ಲಿನ ಮೇಲೆ ಹಕ್ಕಿಗಳು. ಮೊದಲ ದಿನ ಇಪ್ಪತ್ತು ಹಕ್ಕಿ, ಮರುದಿನ ಹತ್ತೊಂಬತ್ತು, ಅದರ ಮರುದಿನ ಹದಿನೆಂಟು. ಕೆಳಗೆ ಒಂದು ಮಾತಿಲ್ಲ. ಒಂದೇ ಹಕ್ಕಿ ಉಳಿದ ದಿನ ಊರಿನ ಹೆಂಗಸರು ಪತ್ರಿಕೆಯನ್ನು ಹಿಡಿದುಕೊಂಡೇ ಪುರಸಭೆಗೆ ಹೋಗಿ ಕೂತರು. ಮರುದಿನ ಬರೆಯಬೇಕಾಗಿದ್ದ ಬರಿ ಹುಲ್ಲಿನ ಚಿತ್ರ ಬರೆಯುವ ಹೊತ್ತು ಬರಲಿಲ್ಲ.

ನಮ್ಮಿಬ್ಬರ ಕೆಲಸದ ರೀತಿ ಹೇಳಬೇಕು. ಅಚ್ಚಿನ ಹಲಗೆಯಲ್ಲಿ ಎಡಕ್ಕಿದ್ದದ್ದು ಕಾಗದದ ಮೇಲೆ ಬಲಕ್ಕೆ ಬೀಳುತ್ತದೆ, ಬಲದ್ದು ಎಡಕ್ಕೆ. ಆದ್ದರಿಂದ ಎಲ್ಲವನ್ನೂ ತಿರುವಿ ಕೆತ್ತಬೇಕು. ಬೇರೆ ಚಿತ್ರಗಾರರು ಕಾಗದದ ಮೇಲೆ ನೇರವಾಗಿ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ. ತಿರುವುವ ಕಷ್ಟ ಕೆತ್ತುವವನದು. ಇವನು ನನ್ನ ಕಷ್ಟ ಉಳಿಸಲೆಂದು ಹಲಗೆಯ ಮೇಲೆಯೇ ತಿರುವಿ ಬರೆಯುತ್ತಿದ್ದ, ಸಹಿಯನ್ನೂ. ನಾನು ಅವನ ಗೆರೆ ಹಿಡಿದು ಉಳಿ ನಡೆಸಿದರೆ ಆಯಿತು. ಇಪ್ಪತ್ತೊಂಬತ್ತು ವರ್ಷ ಹೀಗೆ ನಡೆಯಿತು. ಅವನ ಹಲಗೆ ಕಂಡರೆ ನನ್ನ ಕಣ್ಣು ತಾನಾಗಿ ಎಡವನ್ನು ಬಲವೆಂದು ಓದುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಎಡಗೈ ಹೋಯಿತು. ಬಲಗೈ ಶಿವನ ದಯೆಯಿಂದ ಉಳಿಯಿತು. ಅವನ ಹೆಂಡತಿ ಬಾಳವ್ವ ಮಗುವಿಗೆ ತಿನ್ನಿಸಿದ ಹಾಗೆ ಗಂಜಿ ತಿನ್ನಿಸುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಅಂಗಳದ ಅಳಿಲುಗಳಿಗೆ ಹಾಕಿದ ಮೇಲೆಯೇ ಉಣ್ಣುವ ಮನೆ ಅದು. ನಾನು ದಿನಾ ಸಂಜೆ ಹೋಗಿ ಕೂತು ಬರುತ್ತಿದ್ದೆ. ಅವನ ಕಣ್ಣಿಗೆ ಸಮಾಧಾನವಾಗಲೆಂದು ಒಂದು ದಿನ ಹೊಸ ಹಲಗೆ ನುಣ್ಣಗೆ ಹದಮಾಡಿ ಅವನ ತೊಡೆಯ ಮೇಲಿಟ್ಟೆ. ನಾಲ್ಕು ದಿನ ತೆಗೆದುಕೊಂಡು ಅದರ ಮೇಲೆ ಬರೆದ. ಕೆರೆ, ಏರಿ, ಎಡಕ್ಕೊಂದು ಹೊಂಗೆ, ಬಲಕ್ಕೊಂದು ಹೊಂಗೆ. ಎಡಗಡೆಯ ಹೊಂಗೆಯ ಬುಡದಲ್ಲಿ ಸಣ್ಣದೊಂದು ಮಣ್ಣಿನ ಗುಡ್ಡೆ. ಕೆಳಗಿನ ಮೂಲೆಯಲ್ಲಿ ಒಂದು ಬಸವನಹುಳು. ಸಹಿ ಹಾಕಿರಲಿಲ್ಲ. ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡ. ನಮ್ಮಲ್ಲಿ ಮನುಷ್ಯ ಬದುಕಿರುವಾಗ ತನ್ನ ಜಾಗ ತೋರಿಸಿದರೆ, ಅದು ಊರಿನ ನೆಲದಲ್ಲಿ ಎಲ್ಲಿದ್ದರೂ, ಅಲ್ಲೇ ಮಣ್ಣಿಗೆ ಕೊಡಬೇಕು. ಅವನು ತೋರಿಸಿದ್ದ. ಕಾರಹುಣ್ಣಿಮೆಯ ಮರುದಿನ ತೀರಿಕೊಂಡ.

ಅಂಗಳದಲ್ಲಿ ಮಂದಿ ನೆರೆದಿದ್ದರು. ಹಲಗೆ ತಂದು ತೋರಿಸಿದೆ. ಬಾಳವ್ವ ಅದನ್ನು ನೋಡಿ, "ಎಡಕ್ಕ ಐತಲ್ಲಣ್ಣಾ, ಪಡುವಣ ದಂಡಿ. ಸಂಜಿ ಹೊತ್ತಾದ್ರ ಅಲ್ಲೇ ಕೂಡ್ತಿದ್ರು," ಎಂದಳು. ನಾನು ನಕ್ಕೆ. ಹೆಣದ ಮುಂದೆ ನಿಂತು ನಕ್ಕೆ. ಅದು ನನ್ನ ಎದೆಯೊಳಗೆ ಇಂದಿಗೂ ಮುಳ್ಳಿನ ಹಾಗೆ ಇದೆ. "ತಂಗಿ, ಹಲಗಿ ಓದಾಕ ನಿನಗ ಬರೂದಿಲ್ಲ. ಹಲಗಿ ಮ್ಯಾಗ ಎಡಕ್ಕಿದ್ರ ಅದು ಬಲ. ಅಂವ ಮೂಡಣ ದಂಡಿ ಬೇಡ್ಯಾನ. ತಾನ ಉಳಿಸಿದ ದಂಡಿ ಅಲ್ಲೇನು ಅದು?" ಎಂದೆ. ಎಲ್ಲರೂ ತಲೆಯಾಡಿಸಿದರು. ಅವನ ಕೈಯನ್ನು ನನಗಿಂತ ಬಲ್ಲವರು ಯಾರು? ಮೂಡಣ ದಂಡೆಯ ಹೊಂಗೆಯ ಕೆಳಗೆ, ಹುಲ್ಲಿನ ನಡುವೆ, ಅವನನ್ನು ಮಣ್ಣಿಗೆ ಕೊಟ್ಟೆವು. ಮೂರು ಹಿಡಿ ಮಣ್ಣು ಹಾಕಿ ಕೈಮುಗಿದೆ. ಗೆಳೆಯನ ಕೊನೆಯ ಚಿತ್ರವನ್ನು ಸರಿಯಾಗಿ ಇಳಿಸಿದೆ ಎಂಬ ಹೆಮ್ಮೆ ಇತ್ತು.

ಅವನು ಏನಾಗುತ್ತಾನೆಂದು ಊರಿನಲ್ಲಿ ಮಾತೇ ಮಾತು. ಆಲವಾಗುತ್ತಾನೆ ಎಂದರು ಕೆಲವರು. ಬೇವು ಎಂದರು ಕೆಲವರು. "ಏ, ಅಂವ ನಗಸಾಂವ. ಲಂಟಾನ ಆಗ್ತಾನ, ಬಣ್ಣ ಬಣ್ಣದ ಹೂವು," ಎಂದಳು ಈರಮ್ಮ. ಸಂಪಾದಕರು ಮೊದಲ ಪುಟದಲ್ಲಿ ಜಾಗ ಬಿಟ್ಟು ಕಾದರು. ಮಳೆ ಬಿತ್ತು. ನಾಗರ ಪಂಚಮಿ ಹೋಯಿತು. ಮಹಾನವಮಿ ಹೋಯಿತು. ಸುತ್ತಲೂ ಮೊಳಕಾಲುದ್ದ ಹುಲ್ಲು ಎದ್ದು ನಿಂತಿತು; ಗುಡ್ಡೆ ಮಾತ್ರ ಬೋಳು. ದೀಪಾವಳಿಯಲ್ಲಿ ಓಣಿಯ ಎಲ್ಲ ಬಾಗಿಲುಗಳಲ್ಲಿ ದೀಪ, ಬಾಳವ್ವನ ಬಾಗಿಲು ಕತ್ತಲು. ಶುಕ್ರವಾರ ಕಾಳಮ್ಮನ ಗುಡಿಯಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಅವಳು ಬೀದಿಯ ಈಚೆಯ ಬದಿ ನಿಂತು ಸೆರಗೊಡ್ಡಿ ಕೈಮುಗಿದು ಹೋಗುತ್ತಿದ್ದಳು. ಕಂಡು ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಆಗಿನ್ನೂ ನನ್ನ ತಪ್ಪು ನನಗೆ ತಿಳಿದಿರಲಿಲ್ಲ. ಆದರೂ ತಲೆ ತಗ್ಗುತ್ತಿತ್ತು.

"ಗಿಡಾ ಮರಾ ಅಂತ ಜನ್ಮಾ ಕಳದಾವ್ಗ ಒಂದು ಕಡ್ಡೀನೂ ಬರವಲ್ದು," ಎಂದು ಮಂದಿ ಪಿಸುಗುಟ್ಟತೊಡಗಿದರು. ಬರಿಮಣ್ಣು ಎಂಬ ಮಾತು ನಾಲಿಗೆಗೆ ಬರಲಿಲ್ಲವಾದರೂ ಎಲ್ಲರ ಕಣ್ಣಿನಲ್ಲಿತ್ತು. ಹಾಗಾದರೆ ಇಪ್ಪತ್ತೊಂಬತ್ತು ವರ್ಷದ ಹಲಗೆಗಳಿಂದ ಅವನ ಸಹಿಯನ್ನು ಉಳಿಯಿಟ್ಟು ಕೆರೆದು ತೆಗೆಯಬೇಕು. ಆ ಕೆಲಸಕ್ಕೆ ಊರಿನಲ್ಲಿ ಇರುವವನು ನಾನೊಬ್ಬನೇ.

ಹತ್ತನೆಯ ತಿಂಗಳಿನಲ್ಲಿ ವೆಂಕೋಬರಾಯರು ನನ್ನನ್ನು ಕರೆದರು. "ಮೌನಪ್ಪಾ, ಹೆಸರು ಹಾಕಲಿಕ್ಕೆ ಇನ್ನೆರಡು ತಿಂಗಳಷ್ಟೇ ಅವಕಾಶ ಇರೂದು. ಆ ಕೊನೇ ಹಲಗಿ ಕೆತ್ತಿಬಿಡು. ಹೆಸರಿನ ಜೋಡಿ ಅಚ್ಚು ಮಾಡೋಣು," ಎಂದರು. ಅವರ ಧ್ವನಿ ಸಣ್ಣಗಾಗಿತ್ತು. ಎಂಟು ದಿನ ಕೆತ್ತಿದೆ. ಕೆತ್ತುವಾಗ ನಾವು ಮರ, ನೀರು ಎಂದು ನೋಡುವುದಿಲ್ಲ. ಉಳಿಯಬೇಕಾದ ಕಪ್ಪು, ಹೋಗಬೇಕಾದ ಬಿಳುಪು, ಅಷ್ಟೇ. ಮುಗಿಸಿ, ಮಸಿ ಉಜ್ಜಿ, ಕಾಗದ ಒತ್ತಿ ತೆಗೆದೆ. ಹಸಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮೂಲೆಯ ಬಸವನಹುಳು ಕಣ್ಣಿಗೆ ಬಿತ್ತು. ಅದರ ಚಿಪ್ಪಿನ ಸುರುಳಿ ಉಲ್ಟಾ ಸುತ್ತಿತ್ತು.

ಹಿಂದೆ ಒಮ್ಮೆ ನನ್ನ ಕೈತಪ್ಪಿ ಒಂದು ಬಸವನಹುಳುವಿನ ಸುರುಳಿ ಹೀಗೆ ತಿರುಗಿ ಬಿದ್ದಿತ್ತು. ಅವತ್ತು ಅವನು ಅಚ್ಚಿನ ಯಂತ್ರವನ್ನೇ ನಿಲ್ಲಿಸಿ ಹೊಸ ಹಲಗೆ ಕೆತ್ತಿಸಿದ. ಊರಿಗೆ ಪತ್ರಿಕೆ ಮಧ್ಯಾಹ್ನ ತಲುಪಿತು. "ನಮ್ಮ ಕೆರಿಯಾಗ ಒಂದು ಹುಳಾನೂ ಎಡಕ್ಕ ಸುತ್ತಿದ್ದು ನಾ ಕಂಡಿಲ್ಲೋ. ಶಿವ ಬಲಕ್ಕ ಸುತ್ಯಾನ. ನೀ ಯಾವಾಂವ ತಿರುವಾಕ?" ಎಂದು ಬೈದಿದ್ದ. ಅಂಥವನು ಸಾಯುವ ಹೊತ್ತಿಗೆ ಸುರುಳಿಯನ್ನು ತಪ್ಪಿ ಬರೆದಾನೇ? ಹಲಗೆಯನ್ನು ಎತ್ತಿ ನೋಡಿದೆ. ಹಲಗೆಯ ಮೇಲೆ ಸುರುಳಿ ಸರಿಯಾಗಿತ್ತು, ಕಾಗದದ ಮೇಲೆ ತಪ್ಪಿತ್ತು. ಅವನು ಈ ಒಂದು ಚಿತ್ರವನ್ನು ತಿರುವಿ ಬರೆದಿರಲಿಲ್ಲ. ಇದು ಅಚ್ಚಿಗಾಗಿ ಬರೆದದ್ದಾಗಿರಲಿಲ್ಲ. ನನಗಾಗಿ, ನೋಡಿ ತಿಳಿಯಲೆಂದು, ಮನುಷ್ಯ ಮನುಷ್ಯನಿಗೆ ತೋರಿಸುವ ಹಾಗೆ ನೇರವಾಗಿ ಬರೆದದ್ದು. ಎಡ ಎಂದರೆ ಎಡವೇ. ಪಡುವಣ ದಂಡೆ. ಅಲ್ಲೇ ಮರದ ಹೊಟ್ಟಿನ ಮೇಲೆ ಕೂತೆ.

ಅವತ್ತೇ ಬಾಳವ್ವನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಲಗೆಯನ್ನೂ ಕಾಗದವನ್ನೂ ಮುಂದಿಟ್ಟು ಎಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ನಾ ಅವತ್ತ ಹೇಳಿದ್ದೆ."

"ಹೇಳಿದ್ದಿ ತಂಗಿ."

"ನೀ ನಕ್ಕಿ."

"ನಕ್ಕೆ."

"ಅವ್ರ ಜೋಡಿ ಮೂವತ್ತಾರು ವರ್ಷ ಬಾಳೇವು ಮಾಡೀನಿ. ಹಲಗಿ ಓದಾಕ ಬರ್ಲಿಕ್ಕಿಲ್ಲ ನನಗ, ಅವ್ರನ್ನ ಓದಾಕ ಬರ್ತಿದ್ದಿಲ್ಲೇನು?" ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಾಳಿಕೊಳ್ಳುತ್ತಿದ್ದೆ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮೊರ ತೆಗೆದುಕೊಂಡು ಮತ್ತೆ ಕೇರತೊಡಗಿದಳು. ಒಳ್ಳೆಯ ಜೋಳವೂ ಹೊಟ್ಟಿನ ಜೊತೆ ಹಾರಿ ಬೀಳುತ್ತಿತ್ತು. ಅಳಿಲುಗಳು ಬಂದು ಆಯ್ದುಕೊಂಡವು.

ಇಬ್ಬರೂ ದ್ಯಾಮವ್ವನ ಬಳಿಗೆ ಹೋದೆವು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಮಾತನ್ನೆಲ್ಲ ಕೇಳಿದಳು. "ನೆಲದ ಬಾಯಿ ಒಮ್ಮಿ ಮುಚ್ಚಿದ ಮ್ಯಾಲೆ ತೆರ್ಯಾಂಗಿಲ್ಲಪಾ. ಎತ್ತಿ ಆ ದಂಡಿಗೆ ಒಯ್ಯೂದು ಆಗದ ಮಾತು," ಎಂದಳು. ಬಾಳವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ದ್ಯಾಮವ್ವ, "ಆದ್ರ ಅಲ್ಲಿ ಏನೂ ಬರ್ಲಿಲ್ಲ ಅಂತ ನಿಮಗ ಯಾರಂದ್ರು?" ಎಂದು ಕೇಳಿದಳು. "ನಾ ಹ್ವಾದಾಗೆಲ್ಲಾ ಮಣ್ಣು ಕೆದರಿರ್ತೈತಿ. ಸೂಜಿ ಮೊನಿಯಷ್ಟು ಕಾಂಡ ಮುರದದ್ದು ಎರಡು ಸಲ ಕಂಡೀನಿ. ಏನೋ ಬರ್ತೈತಿ. ಏನೋ ತಿಂತೈತಿ. ನಾ ಕಣ್ಣಾರೆ ಎಲಿ ಕಾಣಬೇಕು, ಅಂದ್ರ ಮಾತ್ರ ಕೂಗಾಕ ಬರ್ತೈತಿ."

"ಬೇಲಿ ಹಾಕಬಹುದೇನವ್ವಾ?"

"ಬೇಲಿ ಹಾಕಂಗಿಲ್ಲ, ಮುಚ್ಚಂಗಿಲ್ಲ, ನೀರು ಹಾಕಂಗಿಲ್ಲ. ಕೂತು ಕಾಯಬಹುದು. ಹೆಂಡ್ತಿ, ಗೆಳ್ಯಾ, ಯಾರು ಬೇಕಾದ್ರೂ ಕಾಯಬಹುದು. ಅದನ್ನ ಬ್ಯಾಡ ಅನ್ನಾಕ ನಾ ಯಾರು?"

ಪಡುವಣ ದಂಡೆಯ ಕಲ್ಲಿನ ನಡುವೆ ಇಟ್ಟಿದ್ದರೆ ಅವನು ಯಾವತ್ತೋ ಎದ್ದು ನಿಂತಿರುತ್ತಿದ್ದ. ನಾನು ಅವನನ್ನು ಮೇಯುವ ಬಾಯಿಗಳ ನಡುವೆ ಮಲಗಿಸಿದ್ದೆ.

ಅಂದಿನಿಂದ ದಿನಾ ಬೆಳ್ಳಿ ಮೂಡುವ ಹೊತ್ತಿಗೆ ನಾವಿಬ್ಬರೂ ಮೂಡಣ ದಂಡೆಗೆ ಹೋಗಿ ಬಂಡೆಯ ಮೇಲೆ ಕೂತುಕೊಳ್ಳುತ್ತಿದ್ದೆವು. ಹೊತ್ತು ಏರುವ ತನಕ ಕಾಯುವುದು, ಆಮೇಲೆ ನಾನು ಕೆಲಸಕ್ಕೆ, ಅವಳು ಮನೆಗೆ. ಬೇಸಿಗೆಯ ನೆಲ ಬಿರಿದಿತ್ತು, ಏನೂ ಏಳಲಿಲ್ಲ. ನಾನು ಕಾಳಮ್ಮನಿಗೆ ಹರಕೆ ಹೊತ್ತೆ. ಬಾಳವ್ವ ಹರಕೆ ಹೊರಲಿಲ್ಲ. ಗುಡ್ಡೆಯ ಕಡೆ ನೋಡಿ ಮನೆಯ ಸುದ್ದಿ ಹೇಳುತ್ತಿದ್ದಳು. ಅಳಿಲು ಮರಿ ಹಾಕಿದ್ದು, ಮಾಳಿಗೆ ಸೋರುವ ಜಾಗ, ಈರಮ್ಮನ ಜಗಳ. "ನಿಮ್ಮನ್ನ ಲಂಟಾನ ಅಂದಾಳ ನೋಡ್ರಿ. ಅಕಿ ಮಾತಿಗಾದ್ರೂ ಒಂದು ಕಡ್ಡಿ ಬರ್ರಿ," ಎನ್ನುತ್ತಿದ್ದಳು. ಹೇಳುತ್ತ ನಗುತ್ತಿದ್ದಳು. ಒಂದು ದಿನ ನನ್ನ ಕಡೆ ತಿರುಗದೆ ಹೇಳಿದಳು: "ನನಗ ಗುಡಿ ಬ್ಯಾಡಣ್ಣಾ, ದೀಪ ಬ್ಯಾಡ. ಓಣ್ಯಾಗ ಮಂದಿ, ಚಿತ್ರದಣ್ಣ ಇಂಥಾದ್ದು ಆಗ್ಯಾನಂತ ಅಂದ್ರ ಸಾಕು. ನಾಳೆ ನಾ ಹ್ವಾದ ಮ್ಯಾಲೆ ಅವ್ರ ಬಗ್ಗೆ ಹೇಳಾಕ ಮನ್ಯಾಗ ಯಾರದಾರ?"

ವರ್ಷ ತುಂಬಲು ಮೂರು ದಿನವಿದ್ದಾಗ ದೊಡ್ಡ ಮಳೆ ಬಂತು. ನೆಲ ನೆನೆದು ಮೆತ್ತಗಾಯಿತು. ಕಾರಹುಣ್ಣಿಮೆಯ ದಿನ ಊರೆಲ್ಲ ಎತ್ತುಗಳ ಕೋಡಿಗೆ ಬಣ್ಣ ಬಳಿದು ಮೆರೆಸುತ್ತಿದ್ದರೆ ನಾವು ಗುಡ್ಡೆಯ ಮುಂದೆ ಕೂತಿದ್ದೆವು. ಸಂಜೆಯ ತನಕ ಮಣ್ಣು ಬರಿ ಮಣ್ಣಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಕೊನೆಯದು. ಬಂಡೆಯ ಬಳಿಗೆ ಬಂದಾಗ ಮೂಡಣದಲ್ಲಿ ಸಣ್ಣಗೆ ಕೆಂಪು ಕಟ್ಟಿತ್ತು. ಬಾಳವ್ವ ನನ್ನ ತೋಳನ್ನು ಮುಟ್ಟಿ ತೋರಿಸಿದಳು.

ಗುಡ್ಡೆಯ ನಡುನೆತ್ತಿಯಲ್ಲಿ ಒಂದು ಮೊಳಕೆ ನಿಂತಿತ್ತು. ಕಿರುಬೆರಳಿನ ಉಗುರಿನಷ್ಟು ಎರಡು ಎಲೆ. ಬೆನ್ನಿಗೆ ಇನ್ನೂ ಬೀಜದ ಸಿಪ್ಪೆ ಅಂಟಿಕೊಂಡಿತ್ತು. ಯಾವ ಗಿಡವೆಂದು ಹೇಳುವಂತಿರಲಿಲ್ಲ. ಮೊದಲ ಎರಡೆಲೆಗಳಲ್ಲಿ ಎಲ್ಲ ಗಿಡಗಳೂ ಒಂದೇ. ನನಗೆ ಕಣ್ಣು ಮಂಜಾಯಿತು. ಬಾಳವ್ವ ಕೈಮುಗಿದು ನಿಂತಳು. ಅದೇ ಹೊತ್ತಿಗೆ ಏರಿಯ ಆಚೆಯ ತುದಿಯಲ್ಲಿ ದ್ಯಾಮವ್ವ ಕಂಡಳು. ಹೆಗಲ ಮೇಲೆ ಸನಿಕೆ, ನಿಧಾನದ ನಡಿಗೆ. ಏರಿ ದಾಟಿ ಬರಲು ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು. ಅಷ್ಟು ಹೊತ್ತು ಆ ಎರಡೆಲೆ ನಿಂತರೆ ಸಾಕು. ನಾವು ಉಸಿರು ಹಿಡಿದು ಬಂಡೆಯ ಮೇಲೆ ಕೂತೆವು.

ಹುಲ್ಲು ಅಲುಗಿತು. ಒಂದು ಮೊಲ ಹೊರಗೆ ಬಂತು.

ಅದು ನಮ್ಮನ್ನು ನೋಡಿತು, ನಾವು ಅದನ್ನು ನೋಡಿದೆವು. ಒಂದೆರಡು ಹೆಜ್ಜೆ ಕುಪ್ಪಳಿಸಿ ಗುಡ್ಡೆಯ ಅಂಚಿಗೆ ಬಂದು ಮೂಸಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಒಂದೇ ಒಂದು ಚಪ್ಪಾಳೆ ಸಾಕಿತ್ತು. ಬಾಳವ್ವ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಜೋಳ ಬೀಸಿ ಬೀಸಿ ಗಟ್ಟಿಯಾದ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ.

"ಬ್ಯಾಡ," ಎಂದಳು, ಉಸಿರಿನಲ್ಲಿ.

"ತಂಗಿ, ಹೆಸರು ಹೋಗ್ತೈತಿ."

"ಗೊತ್ತೈತಿ. ಬಸುರಿ ಐತಿ ನೋಡು ಅದು. ಅವ್ರು ಇದ್ದಿದ್ರ ಓಡಸ್ತಿದ್ರೇನು?"

ಅವಳು ಹಿಡಿದ ಕೈ ಬಿಡಲಿಲ್ಲ. ಮೊಲ ಎರಡು ಎಲೆಗಳನ್ನೂ ತಿಂದಿತು. ಮೊದಲು ಒಂದು, ಆಮೇಲೆ ಇನ್ನೊಂದು. ಕಾಂಡವನ್ನೂ ಬುಡದ ತನಕ ತಿಂದು, ಮುಂಗಾಲಿನಿಂದ ಮಣ್ಣು ಕೆದರಿ ನೋಡಿ, ಮುಖ ಒರೆಸಿಕೊಂಡು ಹುಲ್ಲಿನೊಳಗೆ ಹೋಯಿತು. ಹೋಗುವಾಗ ಅದರ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು.

ದ್ಯಾಮವ್ವ ಬಂದಳು. ಗುಡ್ಡೆಯ ಸುತ್ತ ಒಂದು ಸಲ ಬಂದು, ಕುಕ್ಕರಗಾಲಿನಲ್ಲಿ ಕೂತು ಹಸಿ ಮಣ್ಣನ್ನು ಬೆರಳಿನಿಂದ ಸವರಿದಳು. ಆಮೇಲೆ ನಮ್ಮಿಬ್ಬರ ಮುಖ ನೋಡಿದಳು. ನಾನು ತಡೆಯಲಾರದೆ, "ನಾ ಕಂಡೀನಿ ದ್ಯಾಮವ್ವಾ. ಈಗಿಂದೀಗ ಇತ್ತು. ಎರಡೆಲಿ ಇದ್ದವು. ಕಾಳಮ್ಮನಾಣಿ," ಎಂದೆ.

"ಯಾವ ಗಿಡಪಾ?"

ನಾನು ಕೆದರಿದ ಮಣ್ಣಿನ ಕಡೆ ನೋಡಿದೆ.

"ಅವ್ರ ಮನಿ ಮುಂದ ನಿಂತು ನಾ ಏನಂತ ಕೂಗ್ಲಿ, ನೀನ ಹೇಳು."

"ಬಿಡಣ್ಣಾ," ಎಂದಳು ಬಾಳವ್ವ. "ದ್ಯಾಮವ್ವಾ, ನೀ ಕಂಡಿಲ್ಲ. ನಿನ್ನ ಕೆಲಸ ಮಾಡು."

ದ್ಯಾಮವ್ವ ಸನಿಕೆ ಎತ್ತಲು ಹೋಗಿ ತಡೆದಳು. ಸೆರಗು ಸೊಂಟಕ್ಕೆ ಸಿಗಿಸಿ, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಆಮೇಲೆ ಮಣ್ಣು ಎಳೆದಳು. ಮೆತ್ತಗಿನ ಮಣ್ಣು, ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಮ ಮಾಡಿ ಮುಗಿಸಿದಾಗ ಹುಲ್ಲಿನ ನಡುವೆ ಒಂದು ಚಾಪೆ ಹಾಸಿದಷ್ಟು ಕಪ್ಪು ನೆಲ ಉಳಿಯಿತು. ಇನ್ನು ಹದಿನೈದು ದಿನಕ್ಕೆ ಅದರ ಮೇಲೂ ಹುಲ್ಲು ಬರುತ್ತದೆ, ಯಾವುದು ಎಲ್ಲಿತ್ತೆಂದು ನಮಗೂ ತಿಳಿಯುವುದಿಲ್ಲ. ದ್ಯಾಮವ್ವ ಸನಿಕೆಯನ್ನು ಹೆಗಲಿಗೇರಿಸಿಕೊಂಡು, ಏರಿ ಹತ್ತಿ ಊರಿನ ಕಡೆ ಹೊರಟಳು. ನಾವು ಸ್ವಲ್ಪ ಹಿಂದೆ ನಡೆದೆವು.

ನಾನು ಅಳುತ್ತಿದ್ದೆ. ನನಗಿಂತ ಮುಂದೆ ನಡೆಯುತ್ತಿದ್ದ ಬಾಳವ್ವ ಏರಿಯ ನಡುವೆ ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ನನ್ನ ಸಲುವಾಗಿ ಅಳಬ್ಯಾಡಣ್ಣಾ. ನಾ ಮೂವತ್ತಾರು ವರ್ಷದಾಗ ಒಂದು ದಿನಾನೂ ಅವ್ರ ಹೆಸರು ಹಿಡದು ಕರದಾಕಿ ಅಲ್ಲ. ಹೆಂಡ್ತಿ ಗಂಡನ ಹೆಸರು ಹೇಳ್ತಾಳೇನು? ಹೆಸರಿಲ್ದ ಬಾಳೇವು ಮಾಡೂದು ನನಗ ರೂಢಿ ಐತಿ. ದಿನಾ ಹತ್ತು ಸಲ ಬಾಗಿಲಾಗ ನಿಂತು ಹೆಸರು ಹಿಡದು ಒದರತಿದ್ದಾಂವ ನೀನು. ನೀ ಹ್ಯಾಂಗ ತಡಕೋತಿ?"

ಕೆರೆಯ ನೀರು ಎರಡು ದಂಡೆಗಳ ನಡುವೆ ಅಲುಗದೆ ನಿಂತಿತ್ತು. ಬಾಳವ್ವ ಹಿಂದೆ ನೋಡಿದಳು, ಮುಂದೆ ನೋಡಿದಳು.

"ದ್ಯಾಮವ್ವ ದೂರ ಹೋಗ್ಯಾಳ, ಬ್ಯಾರೆ ಯಾರೂ ಇಲ್ಲಿಲ್ಲ. ಒಂದು ಸಲ ಕರದುಬಿಡು," ಎಂದಳು. "ನಾ ಕೇಳ್ತೀನಿ."

ನಾನು ನೀರಿನ ಕಡೆ ತಿರುಗಿ, ಇದ್ದ ಉಸಿರನ್ನೆಲ್ಲ ಸೇರಿಸಿ, ಗೆಳೆಯನ ಹೆಸರನ್ನು ಕೂಗಿದೆ. ಪಡುವಣ ದಂಡೆಯ ಕಲ್ಲುಗಳಿಗೆ ಬಡಿದು ಅದು ಒಂದು ಸಲ ತಿರುಗಿ ಬಂತು. ಮುಂದೆ ಹೋಗುತ್ತಿದ್ದ ದ್ಯಾಮವ್ವ ನಡಿಗೆ ನಿಲ್ಲಿಸಿದಳು. ಸನಿಕೆಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡಳು, ಹಿಂದೆ ತಿರುಗಿ ನೋಡದೆ ಮುಂದೆ ಹೋದಳು.